ಬಂದವರಿಗೆ ನಮ್ಮ ಮನೆ ಹೊಸದು



ಕಾರ್ತಿಕದಲ್ಲಿ ಗುಡ್ಡಾಪುರದ ದಾನಮ್ಮದೇವಿ ಜಾತ್ರೆ, ಡಿಸೆಂಬರಿನಲ್ಲಿ ಜತ್ತದ ಯಲ್ಲಮ್ಮನ ಜಾತ್ರೆ, ಅದರ ಬೆನ್ನಿಗೇ ಕ್ರಿಸ್ಮಸ್, ಆಮೇಲೆ ಮದುವೆಯ ದಿನಗಳು. ನಮ್ಮ ತಾಲೂಕಿನ ಮನೆಗಳಿಗೆ ಬೀಗರು, ನೆಂಟರು, ಮಕ್ಕಳು ಬರುವ ಕಾಲವಿದು. ದ್ರಾಕ್ಷಿ ತೋಟಕ್ಕೆ ಕೂಲಿಗೆ ಬರುವವರೂ ನಮ್ಮ ಅಂಗಳಕ್ಕೆ ಬಂದವರೇ. ಬಂದವರಿಗೆ ನೀರು ಕೊಡುತ್ತೇವೆ, ರೊಟ್ಟಿ ಬಡಿಸುತ್ತೇವೆ. ಆದರೆ ಅವರು ಬಂದ ಹಾಗೆಯೇ ಸುಖವಾಗಿ ಹಿಂತಿರುಗುವಂತೆ ನೋಡಿಕೊಳ್ಳುವುದೂ ಅತಿಥಿ ಸತ್ಕಾರವೇ ಅಲ್ಲವೇ?

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಾಗೆಯೇ ಹಿತ್ತಲ ಅಪಾಯವೂ ನಮಗೆ ಅಪಾಯವೆಂದು ತೋಚುವುದಿಲ್ಲ. ಕತ್ತಲಲ್ಲಿ ಎಲ್ಲಿ ಮೆಟ್ಟಿಲಿದೆ, ಎಲ್ಲಿ ಗುಂಡಿಯಿದೆ ಎಂದು ನಮ್ಮ ಕಾಲಿಗೆ ಗೊತ್ತು. ಬಂದವರ ಕಾಲಿಗೆ ಗೊತ್ತಿಲ್ಲ. ಇಂದಿನ ಪಾಠ ಇಷ್ಟೇ.

ಬಾಯಿ ತೆರೆದ ಬೋರ್‌ವೆಲ್

ನಮ್ಮ ಸುತ್ತಲಿನ ತಾಲೂಕುಗಳಲ್ಲೇ ನಡೆದದ್ದನ್ನು ನೆನೆಯೋಣ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ಕೊಳವೆ ಬಾವಿಗೆ ಬಿದ್ದಳು. ಎರಡು ದಿನಕ್ಕೂ ಮಿಕ್ಕಿ ಅಗೆದರೂ ಜೀವ ಉಳಿಯಲಿಲ್ಲ. 2024ರ ಏಪ್ರಿಲ್ 3ರಂದು ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ಮನೆಯ ಬಳಿ ಆಡುತ್ತ ಬೋರ್‌ವೆಲ್‌ಗೆ ಜಾರಿತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಸುಮಾರು 20 ತಾಸಿನ ಬಳಿಕ ಮಗುವನ್ನು ಜೀವಂತವಾಗಿ ಹೊರತೆಗೆದರು. ಎಲ್ಲ ಮಕ್ಕಳಿಗೂ ಈ ಭಾಗ್ಯ ಸಿಗುವುದಿಲ್ಲ.

ನೀರು ಬೀಳದ ಬೋರ್‌ವೆಲ್ ನಮ್ಮ ಬರದ ನೆಲದಲ್ಲಿ ಅಪರೂಪವಲ್ಲ. ಸಾಲದ ಹಣ ಹೋಯಿತೆಂಬ ಬೇಸರದಲ್ಲಿ ಬಾಯಿಗೊಂದು ಗೋಣಿಚೀಲ ಹೊದಿಸಿ ಬಿಟ್ಟುಬಿಡುತ್ತೇವೆ. 2010ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಈ ಬಗ್ಗೆ ಸ್ಪಷ್ಟ ನಿಯಮಗಳನ್ನು ಹೇಳಿದೆ. ಕೊರೆಯುವಾಗ ಸುತ್ತಲೂ ಬೇಲಿ ಬೇಕು. ಕೊಳವೆಯ ಸುತ್ತ ನೆಲದ ಮೇಲೆ 30 ಸೆಂ.ಮೀ., ಕೆಳಗೆ 30 ಸೆಂ.ಮೀ. ಇರುವ ಸಿಮೆಂಟು ಕಟ್ಟೆ ಬೇಕು. ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಗಡು ಅಥವಾ ನಟ್‌-ಬೋಲ್ಟಿನ ಗಟ್ಟಿ ಮುಚ್ಚಳ ಬೇಕು. ದುರಸ್ತಿಗೆಂದು ಪಂಪು ಎತ್ತಿದಾಗಲೂ ಬಾಯಿ ತೆರೆದಿರಬಾರದು. ಕೈಬಿಟ್ಟ ಬೋರ್‌ವೆಲ್ಲನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಗೋಣಿಚೀಲ ಮುಚ್ಚಳವಲ್ಲ, ಅದು ಗುಂಡಿಯನ್ನು ಮರೆಮಾಡುವ ಬಲೆ.

ಉಳಿದ ಅಪಾಯಗಳು

1. ಶೇತತಳೆ ಮತ್ತು ಬಾವಿ: ಶೇತತಳೆಯ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕೈಯೂ ನಿಲ್ಲದು, ಕಾಲೂ ನಿಲ್ಲದು. ಈಜು ಬಲ್ಲವನೂ ಮೇಲೆ ಬರಲಾರ. ಸುತ್ತ ತಂತಿಬೇಲಿ, ಬೀಗವಿರುವ ಬಾಗಿಲು ಇರಲಿ. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿರಿ. ಹಳೆಯ ಬಾವಿಗೆ ಎದೆಮಟ್ಟದ ಕಟ್ಟೆ ಕಟ್ಟಿಸಿರಿ.

2. ಔಷಧದ ಬಾಟಲಿ: ಸಿಂಪಡಿಸುವ ಔಷಧವನ್ನು ತಂಪು ಪಾನೀಯದ ಬಾಟಲಿಗೆ ಎಂದೂ ಸುರಿಯಬೇಡಿರಿ. ಬಂದ ಮಗುವಿಗೆ ಅದು ಶರಬತ್ತಿನಂತೆ ಕಾಣುತ್ತದೆ. ಮೂಲ ಡಬ್ಬಿಯಲ್ಲೇ, ಬೀಗದೊಳಗೆ ಇಡಿರಿ. ಯಾರಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

3. ಕರೆಂಟು: ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಬೇಡ, ನೈಲಾನ್ ಹಗ್ಗ ಕಟ್ಟಿರಿ. ತಂತಿಗೆ ಎಲ್ಲಿಂದಲೋ ಕರೆಂಟು ತಗುಲಿದರೆ ಒದ್ದೆ ಬಟ್ಟೆ ಹಾಕಲು ಬಂದವರೇ ಬಲಿಯಾಗುತ್ತಾರೆ. ಬೇಲಿಗೆ ನೇರ ಕರೆಂಟು ಕೊಡುವುದು ಅಪರಾಧ. ಮನೆಗೆ ಸರಿಯಾದ ಅರ್ಥಿಂಗ್ ಮಾಡಿಸಿರಿ.

4. ಮಾಳಿಗೆ ಮತ್ತು ಹಗೇವು: ಹಬ್ಬದ ದಿನ ಮಕ್ಕಳು ಮೊದಲು ಓಡುವುದು ಮಾಳಿಗೆಗೆ. ಅಲ್ಲಿನ ಬೆಳಕಿಂಡಿಗೆ ಸರಳು, ಅಂಚಿಗೆ ಗೋಡೆ ಇದೆಯೇ ನೋಡಿರಿ. ಹೊಸ ಮನೆಯ ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕೆಂಬ ಆಜ್ಞೆ ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದಲ್ಲೇ (22:8) ಇದೆ. ಹಳೆಯ ಹಗೇವು ಇದ್ದರೆ ತುಂಬಿಬಿಡಿರಿ. ಬಳಸುತ್ತಿದ್ದರೆ ಯಾರನ್ನೂ ಥಟ್ಟನೆ ಇಳಿಸಬೇಡಿರಿ. ಒಳಗೆ ಕಾಳಿನ ಉಸಿರಿನ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವರು ಎಚ್ಚರ ತಪ್ಪುತ್ತಾರೆ.

5. ರಾತ್ರಿಯ ಹಾಸಿಗೆ: ನೆಂಟರು ಹೆಚ್ಚಾದಾಗ ಪಡಸಾಲೆಯ ನೆಲದ ಮೇಲೆ ಸಾಲಾಗಿ ಮಲಗುತ್ತೇವೆ. ಕಟ್ಟುಹಾವು ಕಚ್ಚುವುದು ಹೀಗೆ ಮಲಗಿದವರನ್ನೇ. ಅದು ಕಚ್ಚಿದ ನೋವೂ ಹೆಚ್ಚಾಗಿ ತಿಳಿಯುವುದಿಲ್ಲ. ಮಂಚವಿಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿರಿ. ಬಯಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ, ಬಂದವರ ಕೈಗೊಂದು ಬ್ಯಾಟರಿ ಕೊಡಿರಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಡೆಸಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿರಿ.

6. ನಾಯಿ, ಎತ್ತು: ಮನೆಯವರಿಗೆ ಸಾಧುವಾದ ಪ್ರಾಣಿ ಹೊಸಬರಿಗೆ ಸಾಧುವಲ್ಲ. ನೆಂಟರು ಬರುವ ಮೊದಲೇ ಕಟ್ಟಿರಿ. ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಲಸಿಕೆ ಹಾಕಿಸಿರಿ.

ಈ ವಾರದ ಕೆಲಸ

ಮನೆಯವರೆಲ್ಲ ಕೂಡಿ ನಿಮ್ಮ ಅಂಗಳ, ಹೊಲಗಳನ್ನು ಎರಡು ಸಲ ಸುತ್ತಿರಿ. ಹಗಲಲ್ಲಿ ಒಮ್ಮೆ, ಚಿಕ್ಕ ಮಗುವಿನ ಎತ್ತರಕ್ಕೆ ಬಾಗಿ ನೋಡಿರಿ. ರಾತ್ರಿ ಒಮ್ಮೆ, ಊರುಗೋಲಿನ ಅಜ್ಜಿ ನಡೆಯುವಂತೆ ನಿಧಾನವಾಗಿ ನಡೆಯಿರಿ. ಎಡವಿದಲ್ಲಿ ಸುಣ್ಣದ ಗುರುತು ಹಾಕಿ, ಮರುದಿನವೇ ಸರಿಪಡಿಸಿರಿ. ಹೊಲದಲ್ಲಿ ಬತ್ತಿದ ಬೋರ್‌ವೆಲ್ ಇದ್ದರೆ ಮಾತ್ರ ಮರುದಿನಕ್ಕೂ ಕಾಯಬೇಡಿರಿ.  ನಿಮ್ಮ ಮನೆಗೆ ಹಬ್ಬಕ್ಕೆಂದು ಬಂದ ಮಗು ಆಡಿಕೊಂಡು ಮರಳಿ ತಾಯಿಯ ಬಳಿಗೆ ಬರಲಿ.