ಹಳೆಯ ಕಾರಿಗೆ ಆಯಿಲ್ ಫಿಲ್ಟರ್ ಹುಡುಕುವ ಮುನ್ನ

ಹಳೆಯ ಕಾರೊಂದು ನಿಮ್ಮ ಪಾಲಿಗೆ ಬಂದಿದೆ ಎಂದುಕೊಳ್ಳೋಣ. ಎಂಜಿನ್ನಿನ ಬಗ್ಗೆ ನಿಮಗೆ ಏನೂ ತಿಳಿಯದಿದ್ದರೂ ಚಿಂತೆಯಿಲ್ಲ, ಕುತೂಹಲವೊಂದಿದ್ದರೆ ಸಾಕು. ಆಯಿಲ್ ಫಿಲ್ಟರ್ ಎಂಬ ಒಂದೇ ಭಾಗವನ್ನು ಹಿಡಿದು ನಿಧಾನವಾಗಿ ಹೋಗೋಣ. ಹಳೆಯ ಕಾರನ್ನು ಅರಿಯಲು ಇದಕ್ಕಿಂತ ಅಗ್ಗದ ಪಾಠ ನನಗೆ ಗೊತ್ತಿಲ್ಲ.

ಮೊದಲು ಅದರ ಕೆಲಸ ನೋಡೋಣ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ ಸಂಪ್ ಎಂದು ಹೆಸರು. ಪಂಪು ಅಲ್ಲಿಂದ ಆಯಿಲನ್ನು ಎಳೆದು ಬೇರಿಂಗುಗಳಿಗೆ ಒತ್ತಡದಲ್ಲಿ ಕಳಿಸುತ್ತದೆ. ಬೇರಿಂಗ್ ಎಂದರೆ ತಿರುಗುವ ದಂಡವನ್ನು ಹೊತ್ತು ನಿಂತಿರುವ ಭಾಗ. ದಂಡಕ್ಕೂ ಬೇರಿಂಗಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ ಮಾತ್ರ. ಲೋಹದ ಸಣ್ಣ ಪುಡಿ ಅಲ್ಲಿ ಸೇರಿದರೆ ಎರಡನ್ನೂ ಗೀರುತ್ತದೆ. ಆ ಪುಡಿಯನ್ನು, ಮಸಿಯನ್ನು, ಧೂಳನ್ನು ಹಿಡಿದಿಡುವುದೇ ಫಿಲ್ಟರ್.

ಎಲ್ಲ ಫಿಲ್ಟರುಗಳೂ ಒಂದೇ ರೀತಿ ಸೋಸುವುದಿಲ್ಲ. 1924ರ ಕ್ರೈಸ್ಲರ್ ಕಾರಿನಲ್ಲಿ ಬಂದ ಪ್ಯೂರೊಲೇಟರ್‌ನಂಥ ಮೊದಲ ಕಾಲದ ಫಿಲ್ಟರುಗಳು ಬೈಪಾಸ್ ಬಗೆಯವು. ಎರಡನೆಯದು ಫುಲ್ ಫ್ಲೋ ಬಗೆ. ಬಾವಿಯಿಂದ ಸೇದಿದ ನೀರನ್ನೆಲ್ಲ ಬಟ್ಟೆಯಲ್ಲಿ ಸೋಸಿಯೇ ಹಂಡೆಗೆ ತುಂಬಿದರೆ ಅದು ಫುಲ್ ಫ್ಲೋ. ಹಂಡೆಯಿಂದ ಆಗಾಗ ಒಂದು ಚೊಂಬು ತೆಗೆದು, ಸೋಸಿ, ಮತ್ತೆ ಹಂಡೆಗೇ ಸುರಿದರೆ ಅದು ಬೈಪಾಸ್. ಹಳೆಯ ವಿಲ್ಲೀಸ್ ಜೀಪಿನಲ್ಲಿದ್ದದ್ದು ಬೈಪಾಸ್. 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಡರ್‌ನಲ್ಲಿರುವುದು ಫುಲ್ ಫ್ಲೋ. ಅಳತೆ ಹೊಂದಿತೆಂದು ಒಂದರ ಫಿಲ್ಟರನ್ನು ಇನ್ನೊಂದಕ್ಕೆ ಹಾಕಬಾರದು. ಅಂದಹಾಗೆ, ನಿಮ್ಮದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಆಗಿದ್ದರೆ ಹುಡುಕಾಟವೇ ಬೇಡ. ಅದಕ್ಕೆ ತಂತಿಯ ಜಾಲರಿಯೊಂದನ್ನು ಬಿಟ್ಟರೆ ಬೇರೆ ಫಿಲ್ಟರ್ ಇಲ್ಲ. ಆಯಿಲ್ ಬದಲಿಸುವಾಗ ಅದನ್ನು ತೊಳೆದು ಗ್ಯಾಸ್ಕೆಟ್ ಬದಲಿಸಿದರಾಯಿತು.

ಫಿಲ್ಟರಿನ ರೂಪದಲ್ಲೂ ಎರಡು ಬಗೆ. ಈಗಿನ ಅನೇಕ ಕಾರುಗಳಿಗೆ ಬರುವುದು ಸ್ಪಿನ್ ಆನ್, ಅಂದರೆ ಕೈಯಿಂದ ತಿರುಗಿಸಿ ಕೂರಿಸಿ, ಹಳತಾದಾಗ ಇಡಿಯಾಗಿ ಎಸೆಯುವ ಡಬ್ಬಿ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಲೋಹದ ಡಬ್ಬಿ ಕಾರಿನಲ್ಲೇ ಉಳಿಯುತ್ತದೆ. ಒಳಗಿನ ಕಾಗದದ ಅಥವಾ ಫೆಲ್ಟಿನ ಉರುಳೆ ಮಾತ್ರ ಬದಲಾಗುತ್ತದೆ. ಆ ಉರುಳೆಗೆ ಎಲಿಮೆಂಟ್ ಎನ್ನುತ್ತಾರೆ. ಈ ವ್ಯತ್ಯಾಸ ನಿಮ್ಮ ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲಬೇಕು. ನನ್ನ ಅಭಿಪ್ರಾಯದಲ್ಲಿ ಕಾರಿನ ಮೂಲಸ್ವರೂಪ ಉಳಿಯುವುದು ಡಬ್ಬಿಯಲ್ಲಿ. ಎಲಿಮೆಂಟ್ ಹೊಸದಾಗಿದ್ದಷ್ಟೂ ಒಳ್ಳೆಯದು.

ಇನ್ನು ಅಂಗಡಿಗೆ ಹೋಗುವ ಮುನ್ನ ಬಾನೆಟ್ ತೆರೆಯಿರಿ. ಕಾರಿನ ಹೆಸರು ಹೇಳಿದರೆ ಸಾಲದು, ಎಂಜಿನ್ ಯಾವುದೆಂದು ಗೊತ್ತಿರಬೇಕು. ಅಂಬಾಸಡರನ್ನೇ ನೋಡಿ. 1957ರಲ್ಲಿ ಬಂದಾಗ ಅದರಲ್ಲಿದ್ದದ್ದು 1476 ಸಿಸಿ ಎಂಜಿನ್. ಎರಡು ವರ್ಷಗಳಲ್ಲಿ ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ 1489 ಸಿಸಿ ಎಂಜಿನ್ ಬಂತು. ಆಮೇಲೆ ಡೀಸೆಲ್, 1992ರಲ್ಲಿ ಇಸುಜು ಕಂಪನಿಯ 1.8 ಲೀಟರಿನ ಎಂಜಿನ್. ಹೊರಗಿನ ಮೈ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಒಳಗೆ ಎಂಜಿನ್ ಬದಲಾಗುತ್ತ ಹೋಯಿತು. ಸಾಲದ್ದಕ್ಕೆ ನಮ್ಮಲ್ಲಿ ಎಷ್ಟೋ ಮಾಲೀಕರು ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಕೂರಿಸಿದ್ದಾರೆ. ಆದ್ದರಿಂದ ಆರ್‌ಸಿ ಪುಸ್ತಕವನ್ನಷ್ಟೇ ನಂಬದೆ, ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಳ್ಳಿ. ಫಿಲ್ಟರಿನ ಮೇಲಿರುವ ಪಾರ್ಟ್ ನಂಬರ್, ಅಂದರೆ ತಯಾರಕರು ಆ ಭಾಗಕ್ಕೆ ಕೊಟ್ಟ ಗುರುತಿನ ಸಂಖ್ಯೆ, ಅದನ್ನೂ ಬರೆದುಕೊಳ್ಳಿ. ಆದರೆ ಹಿಂದಿನವರು ತಪ್ಪು ಫಿಲ್ಟರ್ ಹಾಕಿಸಿರಲೂಬಹುದು. ಹಳೆಯ ಮ್ಯಾನ್ಯುಯಲ್ ಸಿಕ್ಕರೆ ಎರಡೂ ಸಂಖ್ಯೆಗಳನ್ನು ಅದರೊಂದಿಗೆ ತಾಳೆ ನೋಡಿ.

ಅಂಗಡಿಯಲ್ಲಿ 'ಒರಿಜಿನಲ್' ಎಂಬ ಒಂದೇ ಮಾತಿನಡಿ ಮೂರು ಬಗೆಯ ಮಾಲು ಬರುತ್ತದೆ. ಆ ಕಾಲದಲ್ಲೇ ತಯಾರಾಗಿ ಈವರೆಗೂ ಬಿಕರಿಯಾಗದೆ ಉಳಿದ ಹಳೆಯ ದಾಸ್ತಾನು ಒಂದು. ಮೂಲ ತಯಾರಕರೇ ಇಂದು ಮಾಡಿದ್ದು ಇನ್ನೊಂದು. ಬೇರೆ ಫಿಲ್ಟರ್ ಕಂಪನಿ ಅದೇ ಅಳತೆಗೆ ಮಾಡಿದ್ದು ಮೂರನೆಯದು. ಹಳೆಯ ದಾಸ್ತಾನು ಕಂಡರೆ ಸಂಗ್ರಹಕಾರರ ಕೈ ತುರಿಸುತ್ತದೆ. ಆದರೆ ನಲವತ್ತು ವರ್ಷ ಕೂತ ಕಾಗದ ಪುಡಿಯಾಗಬಹುದು, ಅಂಟು ಬಿಡಬಹುದು, ರಬ್ಬರ್ ಕಲ್ಲಿನಂತಾಗಬಹುದು. ಅದನ್ನು ಪ್ರದರ್ಶನದ ದಿನಕ್ಕೆ ಇಟ್ಟುಕೊಳ್ಳಿ, ಓಡಿಸಲು ಹೊಸದನ್ನೇ ಹಾಕಿ.

ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಯಿದೆ, ಚೆನ್ನೈಯ ಪುದುಪೇಟೆಯಿದೆ, ಕೋಲ್ಕತ್ತದ ಮಲ್ಲಿಕ್ ಬಜಾರ್ ಇದೆ, ದೆಹಲಿಯ ಕಾಶ್ಮೀರಿ ಗೇಟ್ ಇದೆ. ಎಲ್ಲಿಗೆ ಹೋದರೂ ಹಳೆಯ ಎಲಿಮೆಂಟನ್ನು ಜೊತೆಗೆ ಒಯ್ಯಿರಿ. ಉದ್ದ, ಹೊರಗಿನ ವ್ಯಾಸ, ಎರಡೂ ತುದಿಯ ರಂಧ್ರಗಳ ವ್ಯಾಸ, ಇವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ನೋಡಿ. ರಂಧ್ರ ದೊಡ್ಡದಾದರೆ ಆಯಿಲ್ ಸೋಸಿಕೊಳ್ಳದೆ ಪಕ್ಕದಿಂದಲೇ ನುಸುಳಿಹೋಗುತ್ತದೆ, ಹೊರಗೆ ನಿಮಗೇನೂ ಕಾಣಿಸುವುದಿಲ್ಲ.

ಸ್ಪಿನ್ ಆನ್ ಆದರೆ ಮರೆಯಿಂದ, ಅಂದರೆ ತಿರುಪಿನ ಸುರುಳಿ ಗೆರೆಗಳಿಂದ, ಎಚ್ಚರವಾಗಿರಬೇಕು. ಮುಕ್ಕಾಲು ಇಂಚಿನ ಮರೆ 19.05 ಮಿಲಿಮೀಟರ್, ಮೆಟ್ರಿಕ್‌ನಲ್ಲಿ ಅದರ ನೆರೆಯದು 20 ಮಿಲಿಮೀಟರ್. ಗೆರೆಗಳ ಅಂತರವೂ ಹತ್ತಿರಹತ್ತಿರವೇ: ಇಂಚಿಗೆ 16 ಗೆರೆ ಎಂದರೆ ಸುಮಾರು 1.59 ಮಿಲಿಮೀಟರ್, ಮೆಟ್ರಿಕ್‌ನಲ್ಲಿ 1.5. ಹೀಗಾಗಿ 20ರ ಫಿಲ್ಟರ್ ಮುಕ್ಕಾಲು ಇಂಚಿನ ಮೊಳೆಯ ಮೇಲೆ ಸಡಿಲವಾಗಿಯಾದರೂ ಕೂತುಬಿಡುತ್ತದೆ, ಒತ್ತಡ ಏರಿದಾಗ ಕಳಚಿಕೊಳ್ಳಬಹುದು. ಕೈಯಲ್ಲಿ ತಿರುಗಿಸುವಾಗ ಅಲುಗಾಡಿದರೆ ಅಲ್ಲಿಗೇ ನಿಲ್ಲಿಸಿ.

ಎಲಿಮೆಂಟ್ ಬದಲಿಸುವ ಬಗೆಯದಾದರೆ, ಡಬ್ಬಿ ಬಿಚ್ಚಿದಾಗ ಒಳಗಿನ ಸ್ಪ್ರಿಂಗ್, ತಟ್ಟೆ, ವಾಷರ್‌ಗಳ ಕ್ರಮವನ್ನು ಫೋಟೋ ತೆಗೆದಿಡಿ. ಎಲಿಮೆಂಟನ್ನು ಮೇಲಕ್ಕೆ ಒತ್ತಿ ಹಿಡಿಯುವುದು ಆ ಸ್ಪ್ರಿಂಗ್. ಕೆಳಗಿನ ಸಣ್ಣ ವಾಷರ್ ತಪ್ಪಿಹೋದರೆ ಆಯಿಲ್ ಮತ್ತೆ ಪಕ್ಕದ ದಾರಿ ಹಿಡಿಯುತ್ತದೆ. ಮೇಲೆ ಡಬ್ಬಿಯ ಬಾಯಿ ಕೂರುವ ತೋಡಿನೊಳಗೆ ಹಳೆಯ ರಬ್ಬರ್ ರಿಂಗ್ ಕಪ್ಪಾಗಿ ಲೋಹದಂತೆಯೇ ಕಾಣುತ್ತ ಅಂಟಿಕೊಂಡಿರುತ್ತದೆ. ಸೂಜಿಯಿಂದ ಅದನ್ನು ಎಬ್ಬಿಸಿ ತೆಗೆಯದೆ ಹೊಸದನ್ನು ಅದರ ಮೇಲೇ ಕೂರಿಸಿದರೆ ಆಯಿಲ್ ಸೋರುವುದು ಖಂಡಿತ. ಬೋಲ್ಟನ್ನು ಅತಿಯಾಗಿ ಬಿಗಿಯಬೇಡಿ. ಎಂಜಿನ್ ಚಾಲೂ ಮಾಡಿ, ಆಯಿಲ್ ಒತ್ತಡ ಏರಿತೇ ನೋಡಿ, ಕೆಳಗೆ ಬಗ್ಗಿ ಸೋರಿಕೆಯನ್ನೂ ನೋಡಿ.

ಹಳೆಯ ಡಬ್ಬಿಯನ್ನು ತೆಗೆದು ಸ್ಪಿನ್ ಆನ್ ಕೂರಿಸಿಕೊಡುವ ಅಡಾಪ್ಟರುಗಳು ಕೆಲವು ಎಂಜಿನ್‌ಗಳಿಗೆ ಸಿಗುತ್ತವೆ. ದಿನನಿತ್ಯ ಓಡಿಸುವವರಿಗೆ ಅದು ಅನುಕೂಲವೇ, ನಾನು ಬೇಡವೆನ್ನುವುದಿಲ್ಲ. ಆದರೆ ಬಿಚ್ಚಿದ ಡಬ್ಬಿ, ಉದ್ದನೆಯ ಬೋಲ್ಟ್, ಸ್ಪ್ರಿಂಗ್, ವಾಷರ್ ಇವನ್ನೆಲ್ಲ ಒರೆಸಿ, ಒಂದು ಚೀಲದಲ್ಲಿ ಕಟ್ಟಿ, ಎಂಜಿನ್ ಸಂಖ್ಯೆ ಬರೆದು ಜೋಪಾನವಾಗಿಡಿ. ದಯವಿಟ್ಟು ಗುಜರಿಗೆ ಹಾಕಬೇಡಿ.