ಗುಲ್ಮಾರ್ಗದ ಹಿಮ, ಚಿಕ್ಕೋಡಿಯ ಕಾಲು

ಕಬ್ಬಿನ ಹಂಗಾಮು ಶುರುವಾಗಿ ಟ್ರ್ಯಾಕ್ಟರುಗಳು ಕಾರ್ಖಾನೆ ಮುಂದೆ ಸಾಲುಗಟ್ಟುವ ಹೊತ್ತಿಗೆ ಕಾಶ್ಮೀರ ವಿಚಾರಿಸುವವರೂ ಶುರುವಾಗುತ್ತಾರೆ. ನಿಪ್ಪಾಣಿಯ ವ್ಯಾಪಾರಿ, ಅಥಣಿಯ ಡಾಕ್ಟರು, ಕಾಗವಾಡದ ಕಾಲೇಜು ಹುಡುಗರು, ಎಲ್ಲರದೂ ಒಂದೇ ಮಾತು: "ಗುಲ್ಮಾರ್ಗಕ್ಕ ಹೋದ್ರ ನಮಗ ಸ್ಕೀಯಿಂಗ್ ಬರ್ತೈತೇನ್ರಿ?" ಬರುತ್ತದೆ, ಆದರೆ ಮೊಬೈಲಿನಲ್ಲಿ ನೋಡಿದ ಸ್ಕೀಯಿಂಗ್ ಅಲ್ಲ. ಈ ಚಿಕ್ಕೋಡಿ ಸೀಮೆಯ ಗುಂಪುಗಳನ್ನು ಕರೆದುಕೊಂಡು ಹೋಗುತ್ತ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ಗೊಂಡೋಲಾ ಟಿಕೆಟ್ಟು ಇಳಿಯುವ ಪರವಾನಗಿ ಅಲ್ಲ.

ಗುಲ್ಮಾರ್ಗ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಕೊಂಗ್ಡೂರಿಗೆ, ಅಂದರೆ 3,080 ಮೀಟರಿಗೆ ಒಯ್ಯುತ್ತದೆ. 2005ರಲ್ಲಿ ಶುರುವಾದ ಎರಡನೆಯ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ 3,950 ಮೀಟರಿಗೆ ಮುಟ್ಟಿಸುತ್ತದೆ. ದುಡ್ಡು ಕೊಟ್ಟವರೆಲ್ಲ ಅರ್ಧ ಗಂಟೆಯೊಳಗೆ ಅಲ್ಲಿರಬಹುದು. ತೊಡಕು ಇರುವುದೇ ಇಲ್ಲಿ. ಯುರೋಪಿನ ರಿಸಾರ್ಟುಗಳಲ್ಲಿ ಯಂತ್ರದಿಂದ ಹಿಮ ಸಮ ಮಾಡಿ, ಸುಲಭದ ದಾರಿಗೊಂದು ಬಣ್ಣ, ಕಠಿಣ ದಾರಿಗೊಂದು ಬಣ್ಣದ ಫಲಕ ನೆಟ್ಟಿರುತ್ತಾರೆ. ಅಫರ್ವಟ್‌ನ ಬಹುಪಾಲು ಹಾಗಲ್ಲ, ಅದು ಇದ್ದಂತೆಯೇ ಬಿಟ್ಟ ಬೆಟ್ಟ. ತೊಡೆಮಟ್ಟ ಹುಡಿಹಿಮ, ಕೆಳಗೆ ಫರ್, ಪೈನ್ ಮರದ ಕಾಡು, ನಡುವೆ ಹಳ್ಳಗಳು. ವಿದೇಶಿಗರು ಸಮುದ್ರ ದಾಟಿ ಬರುವುದು ಇದಕ್ಕಾಗಿಯೇ, ಆದರೆ ಅವರ ಬೆನ್ನಿಗೆ ಹತ್ತಿಪ್ಪತ್ತು ಚಳಿಗಾಲದ ಅಭ್ಯಾಸವಿರುತ್ತದೆ.

ರಾಯಬಾಗದ ಹುಡುಗನೊಬ್ಬ, ಇನ್ನೂ ಬ್ರೇಕ್ ಹಾಕಲು ಬಾರದವನು, ಬಾಡಿಗೆ ಸ್ಕೀ ಹಿಡಿದು ಸೀದಾ ಎರಡನೆಯ ಹಂತಕ್ಕೆ ಹೋಗಿ ನಿಂತಿದ್ದ. ಕೆಳಗೆ ಬಗ್ಗಿ ನೋಡಿ ಮುಖ ಬಿಳಿಚಿತ್ತು. "ಅಣ್ಣಾ, ಇಲ್ಲಿಂದ ಕೆಳಗ ಹೆಂಗ್ರೀ?" ಅಂದ. "ಹೆಂಗ ಬಂದ್ಯೋ ಹಂಗ" ಅಂದೆ. ಬಂದ ಕ್ಯಾಬಿನ್ನಿನಲ್ಲೇ ಇಳಿದ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಮೇಲೆ ಹೋಗಿ, ಫೋಟೋ ತೆಗೆಸಿಕೊಂಡು, ಮರಳಿ ಕ್ಯಾಬಿನ್ನಿನಲ್ಲೇ ಬನ್ನಿ. ಸ್ಕೀ ಕಲಿಯುವುದು ಕೆಳಗಿನ ಇಳಿಜಾರುಗಳಲ್ಲಿ.

2. ಹಗ್ಗದ ಆಚೆ ಹೋಗಬೇಡಿ.

ಗಸ್ತಿನವರು ನೋಡಿಕೊಳ್ಳುವುದು ಗೊಂಡೋಲಾ ಎದುರಿನ ಇಳಿಜಾರಿನಷ್ಟನ್ನು ಮಾತ್ರ. ಅದರ ಗಡಿಗೆ ಕಟ್ಟಿದ ಹಗ್ಗ ದಾಟಿದರೆ ನಿಮ್ಮ ಹೊಣೆ ನಿಮ್ಮದು. 2023ರ ಫೆಬ್ರವರಿ 1ರಂದು ಅಫರ್ವಟ್‌ನ ಹಾಪತ್‌ಖುಡ್ ಬಳಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಬಲಿಯಾದರು. 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬ. ಅವನಿದ್ದ ಗುಂಪು ಸ್ಥಳೀಯ ಗೈಡ್ ಇಲ್ಲದೆ ಹೋಗಿತ್ತು. 2010ರ ಫೆಬ್ರವರಿಯಲ್ಲಿ ಖಿಲನ್‌ಮರ್ಗ್‌ನಲ್ಲಿ ತರಬೇತಿಗೆ ಬಂದಿದ್ದ 17 ಯೋಧರನ್ನೇ ಹಿಮ ನುಂಗಿತು. ಇವರ್‍ಯಾರೂ ನಮ್ಮ ಹಾಗೆ ಬಾಡಿಗೆ ಬೂಟಿನವರಲ್ಲ.

ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಿ, ಜೋರು ಹಿಮ ಬಿದ್ದ ಮಾರನೆಯ ದಿನ, ಗಾಳಿ ಹಿಮವನ್ನು ಒಂದೇ ಮಗ್ಗುಲಿಗೆ ಒಟ್ಟಿದ್ದಾಗ ಹಿಮ ಜಾರುವ ಸಂಭವ ಹೆಚ್ಚು. ಹೂತುಹೋದವನನ್ನು ಮೊದಲ ಕಾಲು ಗಂಟೆಯೊಳಗೆ ತೆಗೆದರೆ ಬದುಕುವ ಆಸೆ ಇದೆ, ಆಮೇಲೆ ಅದು ಬೇಗ ಕರಗುತ್ತದೆ. ಅದಕ್ಕೇ ಆಚೆ ಹೋಗುವ ನುರಿತವರು ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ಹುಡುಕುವ ಕೋಲು, ಸಲಿಕೆ ಮೂರನ್ನೂ ಮೈಮೇಲೆ ಇಟ್ಟುಕೊಂಡಿರುತ್ತಾರೆ. ಜೋರು ಹಿಮ ಬಿದ್ದ ದಿನ ಎರಡನೆಯ ಹಂತವನ್ನು ಮುಚ್ಚುವುದುಂಟು. ಆಗ ಕೌಂಟರಿನವರ ಹತ್ತಿರ ಜಗಳ ತೆಗೆಯುವವರಲ್ಲಿ ನಮ್ಮ ಜಿಲ್ಲೆಯವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

3. ತಾಲೀಮು ಊರಲ್ಲೇ ಮುಗಿಸಿ.

ಸ್ಕೀ ಕೇಳುವುದು ತೊಡೆಯ ಬಲ. ನಮ್ಮ ಭಾಗದಲ್ಲಿ ಗರಡಿಮನೆಗಳಿಗೆ ಬರವಿಲ್ಲ, ಎರಡು ತಿಂಗಳು ಮೊದಲೇ ಬೈಠಕ್ ಶುರು ಮಾಡಿ. ನಿಪ್ಪಾಣಿಯವರಿಗೆ ಸ್ತವನಿಧಿ ಘಾಟು ಹತ್ತಿರವೇ ಇದೆ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಮಾಡಿ, ಮೊಣಕಾಲಿಗೆ ಬೇಕಾದ ಪಾಠ ಅದರಲ್ಲಿದೆ.

ಆದರೆ ಬರೀ ಬಲ ಸಾಲದು. ಕುಸ್ತಿ ಮಾಡಿ ಕಂಬದಂಥ ಕಾಲಿದ್ದವರೂ ಮೊದಲ ದಿನ ಬೀಳುತ್ತಾರೆ. ಕಾರಣ ಹೆದರಿಕೆ. ಹೆದರಿದ ಮೈ ಹಿಂದಕ್ಕೆ ವಾಲುತ್ತದೆ, ಭಾರ ಸ್ಕೀಯ ಬಾಲಕ್ಕೆ ಹೋಗುತ್ತದೆ, ಮುಂದಿನ ತುದಿ ಹಗುರಾಗಿ ಹಿಡಿತ ತಪ್ಪುತ್ತದೆ. ಮೊಣಕಾಲು ಬಗ್ಗಿಸಿ, ಕಣಕಾಲಿನ ಮುಂಭಾಗ ಬೂಟಿನ ನಾಲಗೆಗೆ ಒತ್ತಿರಬೇಕು; ಸಂಜೆ ಬೂಟು ಕಳಚಿದಾಗ ಅಲ್ಲಿ ಕೆಂಪು ಗೆರೆ ಮೂಡಿದ್ದರೆ ಸರಿಯಾಗಿ ನಿಂತಿದ್ದಿರಿ ಅಂತ ಲೆಕ್ಕ. ಎತ್ತು ಎಳೆಯುವ ಕುಂಟೆಯ ಮೇಲೆ ನಿಂತು ಹೊಲ ಹರಗಿದವರಿಗೆ ಈ ನಿಲುವು ಬೇಗ ಒಲಿಯುತ್ತದೆ. ಜಿಮ್ಮಿಗೆ ಹೋದವರಿಗಿಂತ ಬೇಗ, ಇದು ನಾನು ಕಣ್ಣಾರೆ ಕಂಡದ್ದು. ಬ್ರೇಕ್ ಅಂದರೆ ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಮ್ಮಡಿ ಅಗಲಿಸುವುದು. ಇದು ಬರುವ ತನಕ ಬೇರೆ ಏನೂ ಕಲಿಯಬೇಡಿ.

4. ಬೂಟಿನ ಅಂಗಡಿಯಲ್ಲಿ ನಿಮ್ಮ ತೂಕ ಸುಳ್ಳು ಹೇಳಬೇಡಿ.

ಬಿದ್ದಾಗ ಸ್ಕೀ ಕಾಲಿನಿಂದ ತಾನಾಗಿ ಕಳಚಿಕೊಳ್ಳಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯನ್ನು ಎಷ್ಟು ಬಿಗಿ ಮಾಡಬೇಕೆಂಬುದು ನಿಮ್ಮ ತೂಕ, ಎತ್ತರ, ಬೂಟಿನ ಉದ್ದದ ಮೇಲಿದೆ. ತೀರಾ ಬಿಗಿಯಾದರೆ ಸ್ಕೀ ಕಳಚುವುದಿಲ್ಲ, ಮೊಣಕಾಲು ತಿರುಚುತ್ತದೆ. ಕಾಲುಚೀಲ ಉಣ್ಣೆಯದು, ಒಂದೇ ಸಾಕು. ಮೂರು ಹಾಕಿದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತವೆ. ಜೀನ್ಸ್ ಬೇಡವೇ ಬೇಡ. ಕಪ್ಪು ಕನ್ನಡಕ ಬೇಕೇ ಬೇಕು: ಹೊಸ ಹಿಮ ಬಿಸಿಲಿನ ಮುಕ್ಕಾಲಿಗಿಂತ ಹೆಚ್ಚನ್ನು ತಿರುಗಿ ಮುಖಕ್ಕೇ ಎಸೆಯುತ್ತದೆ.

5. ಮೊದಲ ದಿನವೇ ಎತ್ತರಕ್ಕೆ ಹಾರಬೇಡಿ.

ನಮ್ಮೂರುಗಳು ಇರುವುದು ಆರೇಳು ನೂರು ಮೀಟರಿನಲ್ಲಿ. ಅಫರ್ವಟ್ ಮೇಲೆ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ. 60ರಷ್ಟು. ಶ್ರೀನಗರದಲ್ಲಿ ಒಂದು ರಾತ್ರಿ, ಗುಲ್ಮಾರ್ಗದಲ್ಲಿ ಒಂದು ರಾತ್ರಿ ಮಲಗಿ ಆಮೇಲೆ ಎರಡನೆಯ ಹಂತದ ಯೋಚನೆ ಮಾಡಿ. ತಲೆನೋವು, ವಾಂತಿ ಶುರುವಾದರೆ ಮದ್ದು ಒಂದೇ, ಕೆಳಗಿಳಿಯುವುದು. ಗುಂಡು ಹಾಕಿದರೆ ಮೈ ಬೆಚ್ಚಗಾಗುತ್ತದೆ ಎನ್ನುವ ಗೆಳೆಯರನ್ನು ಹೋಟೆಲಿನಲ್ಲೇ ಬಿಡಿ. ಬಿಪಿ, ಹೃದಯದ ತೊಂದರೆ ಇದ್ದವರು ಊರಿನ ಡಾಕ್ಟರನ್ನು ಕೇಳದೆ ಹೊರಡಬಾರದು.

6. ಫೆಬ್ರವರಿ ಒಳ್ಳೆಯದು.

ಡಿಸೆಂಬರ್ 21ರಿಂದ ನಲವತ್ತು ದಿನದ ಕಡು ಚಳಿಯನ್ನು ಕಾಶ್ಮೀರದವರು ಚಿಲ್ಲೈ ಕಲಾನ್ ಅನ್ನುತ್ತಾರೆ. ಆಗ ಹಿಮ ಇರಲೇಬೇಕು ಅಂತ ನಂಬಿ 2024ರ ಜನವರಿಯಲ್ಲಿ ಹೋದವರು ಬೋಳು ಮೈದಾನ ನೋಡಿ ಬಂದರು. ಹಿಮ ಬಿದ್ದದ್ದು ತಿಂಗಳ ಕೊನೆಗೆ. ರಾಯಬಾಗದವರದು ಬೇರೆ ತಾಪತ್ರಯ. ಫೆಬ್ರವರಿಯ ಆಸುಪಾಸಿಗೇ ಬರುವ ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ, ಅದನ್ನು ಬಿಟ್ಟು ಯಾರೂ ಬರುವುದಿಲ್ಲ, ನಾನೂ ಕರೆಯುವುದಿಲ್ಲ.

7. ದಾರಿ, ಫೋನು, ಊಟ.

ಮಿರಜಿನಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ದೆಹಲಿ. ಮುಂದೆ ವಿಮಾನ, ಇಲ್ಲವೇ ಕಟ್ರಾ ತನಕ ಹೋಗಿ ಅಲ್ಲಿಂದ ಶ್ರೀನಗರಕ್ಕೆ 2025ರ ಜೂನಿನಲ್ಲಿ ಶುರುವಾದ ವಂದೇ ಭಾರತ್. ಹಿಮ ಬಿದ್ದ ದಿನ ಟಂಗ್‌ಮಾರ್ಗದಿಂದ ಮೇಲೆ ಗುಲ್ಮಾರ್ಗಕ್ಕೆ ಹತ್ತಲು ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಇಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಮನೆಯ ಹಿರಿಯರು ಹೆದರುವುದು ಸಹಜ. ದಿನಕ್ಕೊಮ್ಮೆ ಫೋನ್ ಮಾಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ವಾರಗಟ್ಟಲೆ ಚಿಂತೆಯಿಲ್ಲ. ಅಲ್ಲಿನ ಗುಲಾಬಿ ಬಣ್ಣದ ಚಹಾ ಉಪ್ಪುಪ್ಪಾಗಿರುತ್ತದೆ, ಸಕ್ಕರೆ ಸೀಮೆಯವರಿಗೆ ಮೊದಲೇ ಹೇಳಿಬಿಡಬೇಕು.

8. ಎರಡು ದಿನದ ಮೋಜಿಗಿಂತ ಒಂದು ಕೋರ್ಸು ಮೇಲು.

ಗಂಟೆ ಲೆಕ್ಕದಲ್ಲಿ ಕೈ ಹಿಡಿದು ಎಳೆದಾಡಿಸುವವರಿಂದ ಸ್ಕೀ ಬರುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್ಮಾರ್ಗದಲ್ಲೇ ಇದೆ, ಹೊಸಬರಿಗೆ ಚಳಿಗಾಲದಲ್ಲಿ ಕೋರ್ಸು ನಡೆಸುತ್ತದೆ. ನಮ್ಮವರಿಗೆ ಹಿಮ ಆಗಿಬರುವುದಿಲ್ಲ ಎನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. 1948ರಲ್ಲಿ ಗುಲ್ಮಾರ್ಗದಲ್ಲಿ ಸೇನೆಯ ಸ್ಕೀ ಶಾಲೆ ಶುರುಮಾಡಿದ್ದು ಕೊಡಗಿನ ಜನರಲ್ ತಿಮ್ಮಯ್ಯ. ಇವತ್ತಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಬೆಳೆದದ್ದು ಅದರಿಂದಲೇ. ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಈ ಸಲ ಹೊರಡುವ ಮನಸ್ಸಿದ್ದವರು ಮೊದಲು ಕೋರ್ಸಿನ ದಿನಾಂಕ ನೋಡಿ ಅರ್ಜಿ ಹಾಕಿ, ರೈಲಿನ ಟಿಕೆಟ್ಟು ಆಮೇಲೆ ತೆಗೆಸಿ.