ಹಳೇ ಸ್ಕೋಪಿಗೆ ಕೈ ಹಾಕೋ ಮುಂಚೆ

ಪುಟ್ಟೀ, ನೀನು ಎಸ್.ಪಿ. ರಸ್ತೆಯಿಂದ ಹಳೇ ಆಸಿಲೋಸ್ಕೋಪೊಂದನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದೀಯ, ಮನೆಯಲ್ಲಿರೋ ಗುಜರಿ ಸಾಲದೇ ಅಂತ ನಿನ್ನಮ್ಮ ಫೋನಿನಲ್ಲಿ ಕೂಗಾಡಿದಳು. ತಂಗಿಗೆ ಹೇಳಬೇಕಾದ್ದನ್ನು ನಾನು ಹೇಳಿದ್ದೀನಿ. ಟೆಕ್ಟ್ರಾನಿಕ್ಸ್ 465 ಗುಜರಿಯಲ್ಲ. 1970ರ ದಶಕದ ಮಾಲು, 100 ಮೆಗಾಹರ್ಟ್ಸ್, ಎರಡು ಚಾನೆಲ್ಲು, ಕೈಯಲ್ಲಿ ಹಿಡಿದು ಒಯ್ಯಬಹುದಾದ ಪೆಟ್ಟಿಗೆ. ಒಂದು ಕಾಲದಲ್ಲಿ ಸರ್ವಿಸ್ ಇಂಜಿನಿಯರುಗಳು ಊರೂರಿಗೆ ಹೊತ್ತು ತಿರುಗುತ್ತಿದ್ದದ್ದು ಇಂಥದ್ದನ್ನೇ. ನನಗಿರೋ ಚಿಂತೆ ಬೇರೆ. ನಿನಗೆ ಆತುರ ಜಾಸ್ತಿ. ಇದನ್ನು ಓದಿ ಮುಗಿಸೋ ತನಕ ಪ್ಲಗ್ಗಿಗೆ ಸಿಕ್ಕಿಸಬೇಡ.

ಮೊದಲು ಹಿಂಬದಿ ನೋಡು. ಅಮೆರಿಕದ ಯಂತ್ರ, 115 ವೋಲ್ಟಿಗೆ ಇಟ್ಟಿರಬಹುದು, 230ಕ್ಕೂ ಇಟ್ಟಿರಬಹುದು. ಅಂಗಡಿಯವನು ಹೇಳಿದ ಅಂತ ನಂಬಬೇಡ, ಸ್ವಿಚ್ಚನ್ನು ನೀನೇ ಕಣ್ಣಿಟ್ಟು ನೋಡು. ಫ್ಯೂಸನ್ನೂ ತೆಗೆದು ಓದು. 115ಕ್ಕೆ ಹಾಕಿದ ಫ್ಯೂಸು ನಮ್ಮ 230ಕ್ಕೆ ಬೇಕಾದ್ದರ ಎರಡರಷ್ಟು ಇರುತ್ತೆ. ಅದು ಕಾಯೋದೂ ಇಲ್ಲ, ಕಾಪಾಡೋದೂ ಇಲ್ಲ.

ಆಮೇಲೆ ಸೀರೀಸ್ ಬೋರ್ಡು. ನೂರು ವ್ಯಾಟಿನ ತಂತಿ ಬಲ್ಬು ಒಂದನ್ನು ಫೇಸ್ ತಂತಿಗೆ ಸರಣಿಯಲ್ಲಿ ಹಾಕಿ ಸ್ಕೋಪು ಹಚ್ಚು. ಎಲ್‌ಇಡಿ ಬಲ್ಬು ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಕ್ಷೇಮ. ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್. ಸ್ಕೋಪೇ ಎಪ್ಪತ್ತು ಚಿಲ್ಲರೆ ವ್ಯಾಟ್ ಎಳೆಯೋದರಿಂದ ಬಲ್ಬು ಪೂರ್ತಿ ಆರೋದಿಲ್ಲ, ತೆರೆಯ ಮೇಲೆ ಗೆರೆಯೂ ಬರಲಿಕ್ಕಿಲ್ಲ. ಗಾಬರಿಯಾಗಬೇಡ. ಈ ಉಪಾಯ ಟ್ರಾನ್ಸ್‌ಫಾರ್ಮರ್ ಇರೋ ಯಂತ್ರಗಳಿಗೆ ಮಾತ್ರ. ಮುಂದೆ ಎಂದಾದರೂ ಸ್ವಿಚಿಂಗ್ ಸಪ್ಲೈ ಇರೋ ಯಂತ್ರ ತಂದರೆ, ವೇರಿಯಾಕಿನಲ್ಲಿ ಮೆಲ್ಲಗೆ ಏರಿಸಬೇಡ. ಅವು ಕಡಿಮೆ ವೋಲ್ಟಿನಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತವೆ, ಒಳ್ಳೇದು ಮಾಡೋಕೆ ಹೋಗಿ ಕೆಡಿಸಿಟ್ಟ ಹಾಗಾಗುತ್ತೆ.

ಈಗ ನನ್ನ ಮುಖ್ಯ ಮಾತು. ಬದಲಾಯಿಸೋಕೆ ಮುಂಚೆ ಅಳತೆ ಮಾಡು. ಈಗಿನ ಹುಡುಗರು ಹಳೇ ಯಂತ್ರ ಕಂಡ ತಕ್ಷಣ ಒಂದು ಚೀಲ ಕೆಪಾಸಿಟರ್ ತಂದು ಎಲ್ಲವನ್ನೂ ಕಿತ್ತು ಹೊಸದು ಹಾಕ್ತಾರೆ. ಹೊಟ್ಟೆನೋವು ಅಂದವರಿಗೆಲ್ಲ ಆಪರೇಷನ್ ಮಾಡಿದ ಹಾಗೆ. ಐವತ್ತು ವರ್ಷದ ಬೋರ್ಡಿನ ತಾಮ್ರದ ಹಾಳೆ ಕಾವಿಗೆ ಎದ್ದುಬರುತ್ತೆ, ಎಲ್ಲೋ ಒಂದು ಉಲ್ಟಾ ಕೂತಿರುತ್ತೆ, ಮೊದಲಿದ್ದ ಒಂದು ದೋಷದ ಜೊತೆಗೆ ಹೊಸ ಮೂರು ಸೇರಿರುತ್ತೆ. ಯಾವುದು ಹಳೇದು ಯಾವುದು ತನ್ನದು ಅಂತ ಆಗ ಬ್ರಹ್ಮನಿಗೂ ಗೊತ್ತಾಗೋದಿಲ್ಲ. ಅನಲಾಗ್ ಸರ್ಕ್ಯೂಟಿನ ದೊಡ್ಡ ವಿನ್ಯಾಸಕಾರ ಜಿಮ್ ವಿಲಿಯಮ್ಸ್ ರಿಪೇರಿಯ ಮಹತ್ವದ ಬಗ್ಗೆಯೇ ಒಂದು ಅಧ್ಯಾಯ ಬರೆದಿದ್ದಾನೆ. ಸಾಯೋ ತನಕ ಅವನ ಮೇಜು ಹಳೇ ಟೆಕ್ಟ್ರಾನಿಕ್ಸ್ ಸ್ಕೋಪುಗಳಿಂದ ತುಂಬಿತ್ತು. ಯಂತ್ರ ಕೆಟ್ಟಾಗ ಏಕೆ ಕೆಟ್ಟಿತು ಅಂತ ಹುಡುಕಿದವರಿಗೇ ಅದನ್ನು ಕಟ್ಟಿದವನ ತಲೆ ಅರ್ಥವಾಗೋದು. ನಿನ್ನ ನಾಲ್ಕು ವರ್ಷದ ಲ್ಯಾಬಿಗಿಂತ ಈ ಪೆಟ್ಟಿಗೆ ಜಾಸ್ತಿ ಕಲಿಸುತ್ತೆ, ನೀನು ಬಿಟ್ಟರೆ.

ಸರ್ವಿಸ್ ಮ್ಯಾನುಯಲ್ ಇಳಿಸಿಕೊ, ಪುಕ್ಕಟೆ ಸಿಗುತ್ತೆ. ಸರ್ಕ್ಯೂಟು, ಪ್ರತಿ ಹಂತದ ವೋಲ್ಟೇಜು, ಯಾವ ಬಿಂದುವಿನಲ್ಲಿ ಎಂಥ ಅಲೆ ಕಾಣಬೇಕು, ಎಲ್ಲಾ ಬರೆದಿದ್ದಾರೆ. ಈಗಿನ ಕಂಪನಿಗಳು ಹೀಗೆ ಕೊಡೋದಿಲ್ಲ. ಕರೆಂಟ್ ಇಲ್ಲದಾಗ ಸಪ್ಲೈ ಸಾಲುಗಳಿಂದ ನೆಲಕ್ಕೆ ಎಷ್ಟು ಓಮ್ ಅಂತ ಅಳೆ. 465ರಲ್ಲಿ ಐದು ಸಾಲು: +110, +55, +15, +5, −8. ಯಾವುದಾದರೂ ಸೊನ್ನೆಯ ಹತ್ತಿರ ತೋರಿಸಿದರೆ ಟ್ಯಾಂಟಲಮ್ ಕೆಪಾಸಿಟರ್ ಒಂದು ಶಾರ್ಟ್ ಆಗಿದೆ ಅಂತಲೇ ಇಟ್ಟುಕೊ, ಈ ಮಾಡೆಲ್ಲಿನ ಹಳೇ ಕಾಯಿಲೆ ಅದು. ಕರೆಂಟ್ ಮಿತಿಯಿರೋ ಬೆಂಚ್ ಸಪ್ಲೈಯಿಂದ ಆ ಸಾಲಿಗೆ ಸಣ್ಣ ವೋಲ್ಟೇಜ್ ಕೊಟ್ಟು, ಬೋರ್ಡಿನ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರು. ಎಲ್ಲಿ ಮೊದಲು ಒಣಗುತ್ತೋ ಅಲ್ಲಿ ಕಳ್ಳ ಇದ್ದಾನೆ. 15 ವೋಲ್ಟಿನ ಸಾಲಿಗೆ 35 ವೋಲ್ಟಿನದೇ ಹಾಕು, ಪ್ಲಸ್ಸು ಮೈನಸ್ಸು ಎರಡು ಸಲ ನೋಡು. ಉಲ್ಟಾ ಹಾಕಿದ ಟ್ಯಾಂಟಲಮ್ ಬೆಂಕಿ ಹತ್ತುತ್ತೆ. ಐದೂ ಸಾಲು ಸರಿಯಾಗೋ ತನಕ ಬೇರೆ ಯಾವ ತಿರುಪನ್ನೂ ಮುಟ್ಟಬೇಡ. ಗೆರೆ ಅಲುಗುತ್ತೆ, ಟ್ರಿಗರ್ ನಿಲ್ಲೋದಿಲ್ಲ ಅನ್ನೋ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಜೀವದ ವಿಷಯಕ್ಕೆ ಬರ್ತೀನಿ. ನಿನ್ನ ಸ್ಕೋಪಿನ ಪಿಕ್ಚರ್ ಟ್ಯೂಬಿಗೆ ಒಟ್ಟು ಹದಿನೆಂಟು ಸಾವಿರ ವೋಲ್ಟಿನಷ್ಟು ಸೆಳೆತ ಇರುತ್ತೆ, ಆರಿಸಿದ ಮೇಲೂ ಚಾರ್ಜು ಉಳಿದಿರುತ್ತೆ. ಬಳೆ, ಉಂಗುರ, ಸರ ತೆಗೆದಿಡು. ಎಡಗೈ ಬೆನ್ನ ಹಿಂದೆ ಇರಲಿ. ಹೈ ವೋಲ್ಟೇಜ್ ಭಾಗದ ಮುಚ್ಚಳವನ್ನು ಮನೆಯಲ್ಲಿ ಒಬ್ಬಳೇ ಇದ್ದಾಗ ತೆಗೆಯಲೇಬೇಡ.

ಇನ್ನೊಂದು ಅದಕ್ಕಿಂತ ಕೆಟ್ಟದ್ದು. ನಮ್ಮ ಟಿ.ವಿ. ರಿಪೇರಿಯವರಲ್ಲಿ ಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ನು ಕಿತ್ತುಹಾಕೋ ರೂಢಿ ಇದೆ. ಪ್ರೋಬಿನ ಕರಿ ಕ್ಲಿಪ್ಪು ಸ್ಕೋಪಿನ ಮೈಗೆ, ಮೈ ಅರ್ಥಿಗೆ ಸೇರಿದೆ. ಟಿ.ವಿ.ಯ ಸಪ್ಲೈ ಭಾಗದಲ್ಲಿ ನೆಲ ಅನ್ನೋದೇ ಮೇನ್ಸಿನ ಮೇಲೆ ಕೂತಿರುತ್ತೆ. ಅಲ್ಲಿ ಕ್ಲಿಪ್ಪು ಕಚ್ಚಿಸಿದರೆ ಢಮಾರ್. ಅದನ್ನು ತಪ್ಪಿಸೋಕೆ ಪಿನ್ನು ಕಿತ್ತರೆ ಸ್ಕೋಪಿನ ಲೋಹದ ಮೈ, ತಿರುಪು, ಕನೆಕ್ಟರು ಎಲ್ಲದರ ಮೇಲೂ ಮೇನ್ಸು ಬಂದು ಕೂತಿರುತ್ತೆ, ನೋಡಿದರೆ ಏನೂ ಕಾಣೋದಿಲ್ಲ. ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕಾದ್ದು ಟಿ.ವಿ.ಗೆ, ಸ್ಕೋಪಿಗಲ್ಲ. ಅದಿಲ್ಲದಿದ್ದರೆ ಆ ವೋಲ್ಟೇಜಿಗೆ ತಡೆಯೋ ಎರಡು ಪ್ರೋಬು ಹಾಕಿ, ಕ್ಲಿಪ್ಪುಗಳನ್ನು ಎಲ್ಲಿಗೂ ಸೇರಿಸದೆ, ಎರಡನೇ ಚಾನೆಲ್ಲನ್ನು ಇನ್ವರ್ಟ್ ಮಾಡಿ ಆ್ಯಡ್‌ಗೆ ಇಡು, ವ್ಯತ್ಯಾಸ ಸಿಗುತ್ತೆ. ನಿನ್ನ ಸ್ಕೋಪಿನಲ್ಲೇ ಆ ಸೌಕರ್ಯ ಇರೋವಾಗ ಪಿನ್ನು ಕೀಳೋದು ಸೋಮಾರಿತನ.

ಸ್ವಚ್ಛತೆ. ಮಂಗಳೂರು, ಉಡುಪಿ ಕಡೆಯಿಂದ ಬಂದ ಯಂತ್ರದ ಸ್ವಿಚ್ಚು ಕರಿ ಕಟ್ಟಿರುತ್ತೆ, ಬೋರ್ಡಿನ ಮೇಲೆ ಬೂಷ್ಟು ಬೆಳೆದಿರುತ್ತೆ. ಬೆಂಗಳೂರಿನದಕ್ಕೆ ಧೂಳೇ ಶತ್ರು. ನಿನ್ನ ಸ್ಕೋಪಿನ ವೋಲ್ಟ್ ಗುಂಡಿಯ ಹಿಂದೆ ಚಿನ್ನದ ಲೇಪನದ ತೆಳು ಬೆರಳುಗಳು ಬೋರ್ಡನ್ನು ಒತ್ತಿ ಕೂತಿರುತ್ತವೆ. ಅಲ್ಲಿಗೆ ಸ್ಪ್ರೇ ಹೊಡೆಯಬೇಡ, ಉಗುರಿನಲ್ಲೂ ಕೆರೆಯಬೇಡ. ಆಲ್ಕೋಹಾಲ್ ಸವರಿದ ಕಾಗದದ ಪಟ್ಟಿಯನ್ನು ಬೆರಳಿನ ಅಡಿಯಲ್ಲಿ ಮೆಲ್ಲಗೆ ಎಳೆ, ಸಾಕು.

ನಿನಗೆ ಈ ಹುಚ್ಚು ಹತ್ತಿತು ಅಂದರೆ ಒಂದಕ್ಕೆ ನಿಲ್ಲೋದಿಲ್ಲ ಅಂತ ಗೊತ್ತಿರೋದರಿಂದ ಇನ್ನೆರಡು ಮಾತು. ವಾಲ್ವ್ ಕಾಲದ ಟೆಕ್ಟ್ರಾನಿಕ್ಸ್ ಸಿಕ್ಕರೆ ಅದರ ಪಿಂಗಾಣಿ ಪಟ್ಟಿಗಳಿಗೆ ಮಾಮೂಲಿ ಸೋಲ್ಡರ್ ಹಾಕಬೇಡ, ಬೆಳ್ಳಿ ಬೆರೆತದ್ದೇ ಬೇಕು. ಕಂಪನಿಯವರೇ ಒಂದು ಸಣ್ಣ ಸುರುಳಿ ಒಳಗೆ ಇಟ್ಟು ಕೊಡುತ್ತಿದ್ದರು. ಎಚ್‌ಪಿಯ ಹಳೇ ಆಡಿಯೋ ಆಸಿಲೇಟರಿನ ಒಳಗೊಂದು ಪುಟ್ಟ ಬಲ್ಬು ಕಾಣುತ್ತೆ. ಬೆಳಗೋಕೆ ಅಂತ ಇಟ್ಟದ್ದಲ್ಲ ಅದು. ಬಿಸಿಯಾದಂತೆ ಅದರ ರೋಧ ಏರುತ್ತೆ, ಅದರಿಂದಲೇ ಅಲೆಯ ಎತ್ತರ ಒಂದೇ ಸಮ ನಿಲ್ಲೋದು. 1939ರ ಎಚ್‌ಪಿ 200ಎ ನಿಂತದ್ದೇ ಈ ಉಪಾಯದ ಮೇಲೆ. ಉರಿಯುತ್ತಿಲ್ಲ ಅಂತ ಬದಲಾಯಿಸಿಬಿಟ್ಟೀಯ! 1980ರ ದಶಕದ ಎಚ್‌ಪಿ 3478ಎ ಮೀಟರ್ ಆಗಲಿ, ಟೆಕ್ಟ್ರಾನಿಕ್ಸ್ 2465ಬಿ ಆಗಲಿ ಕ್ಯಾಲಿಬ್ರೇಷನ್ ಅಂಕಿಗಳನ್ನು ಬ್ಯಾಟರಿಯ ದಯೆಯಲ್ಲಿ ಇಟ್ಟುಕೊಂಡಿರುತ್ತವೆ. ಬ್ಯಾಟರಿ ಸತ್ತರೆ ನೆನಪೂ ಹೋಯಿತು. ಅಂಥವನ್ನು ತಂದರೆ ಅಂಕಿಗಳನ್ನು ಮೊದಲು ನಕಲು ತೆಗೆದಿಡು, ಉಳಿದದ್ದು ಆಮೇಲೆ.

ಮುಳ್ಳಿನ ಮೀಟರ್ ಬಗ್ಗೆ ತಾತ್ಸಾರ ಬೇಡ, ಲೆಕ್ಕ ಗೊತ್ತಿರಲಿ. ನಾವು ಬಳಸಿದ ಆವೋ 8 ಮೀಟರು ವೋಲ್ಟಿಗೆ 20,000 ಓಮ್‌ನದು. 10 ವೋಲ್ಟ್ ರೇಂಜಿನಲ್ಲಿ ಅದೇ 200 ಕಿಲೋ ಓಮ್ ಆಗಿ ಸರ್ಕ್ಯೂಟಿಗೆ ಅಂಟಿಕೊಳ್ಳುತ್ತೆ. 10 ವೋಲ್ಟಿಗೆ ಎರಡು 200 ಕಿಲೋ ಓಮ್ ಸರಣಿಯಲ್ಲಿ ಹಾಕಿ ಮಧ್ಯೆ ಅಳೆದರೆ ಆವೋ 3.33 ತೋರಿಸುತ್ತೆ, ನಿನ್ನ ಡಿಜಿಟಲ್ ಮೀಟರ್ 4.95. ನಿಜ 5. ಹಳೇ ಮ್ಯಾನುಯಲ್ಲಿನ ವೋಲ್ಟೇಜುಗಳನ್ನು ಎಷ್ಟೋ ಸಲ ಮುಳ್ಳಿನ ಮೀಟರಿನಲ್ಲೇ ಅಳೆದು ಬರೆದಿರ್ತಾರೆ. ನಿನ್ನ ಮೀಟರ್ ಜಾಸ್ತಿ ತೋರಿಸಿತು ಅಂತ ಒಳ್ಳೇ ಭಾಗವನ್ನು ಕಿತ್ತೀಯ, ಯಾವ ಮೀಟರಿನಲ್ಲಿ ಅಳೆದದ್ದು ಅನ್ನೋ ಅಡಿಟಿಪ್ಪಣಿ ಓದು.

ರಿಪೇರಿಯಾದ ಮೇಲೆ ಷೋಕೇಸಿನಲ್ಲಿ ಇಡಬೇಡ, ದಿನಾ ಬಳಸು. ಪ್ರೋಬನ್ನು ಮುಂದಿರೋ ಕ್ಯಾಲಿಬ್ರೇಟರ್ ಕೊಂಡಿಗೆ ಹಾಕಿ ಚೌಕದ ಅಲೆಯ ಮೂಲೆಗಳು ಚೌಕವಾಗೋ ತನಕ ಪ್ರೋಬಿನ ತಿರುಪು ತಿರುಗಿಸು. ಬೆಳಕನ್ನು ಯಾವಾಗಲೂ ಕಡಿಮೆ ಇಡು. ಚುಕ್ಕೆ ಒಂದೇ ಕಡೆ ನಿಂತರೆ ತೆರೆ ಸುಟ್ಟುಹೋಗುತ್ತೆ, ಆ ಟ್ಯೂಬನ್ನು ಈಗ ಯಾರೂ ತಯಾರಿಸೋದಿಲ್ಲ. ಏನೇನು ಬದಲಾಯಿಸಿದೆ ಅಂತ ತಾರೀಖಿನ ಜೊತೆ ಬರೆದು ಮುಚ್ಚಳದ ಒಳಗೆ ಅಂಟಿಸು.

ಅದರ ಅಳತೆಯನ್ನು ಕಾಲೇಜಿನ ಪ್ರಾಜೆಕ್ಟ್ ವರದಿಯಲ್ಲಿ ಹಾಕ್ತೀನಿ ಅಂತ ನಿನ್ನಮ್ಮನ ಹತ್ತಿರ ಹೇಳಿದೆಯಂತೆ. ಹಾಕು. ಆದರೆ ಕ್ಯಾಲಿಬ್ರೇಟ್ ಆದ 465ಗೇ ಕಂಪನಿ ಕೊಟ್ಟ ಮಾತು ಶೇಕಡಾ 3ರ ಒಳಗೆ ಅಂತ ಮಾತ್ರ. ತೆರೆ ನೋಡಿ ಓದಿದ ವೋಲ್ಟೇಜನ್ನು 4.873 ಅಂತ ಬರೆದು ತಂದರೆ ನಾನು ಒಪ್ಪೋದಿಲ್ಲ.